ನಾಲ್ಕನೆಯ ಚಾಪೆ

ಆ ಭಾನುವಾರದಿಂದ ಈಚೆಗೆ ನಾನು ಕಾಲು ಚಾಚಿ ಕೂರುವುದನ್ನೇ ಬಿಟ್ಟಿದ್ದೇನೆ. ಅರವತ್ತೊಂದು ವರ್ಷದ ಮಂಡಿ, ಮಡಚಿದರೆ ಬಿಡಿಸಲು ಬರುವುದಿಲ್ಲ, ಬಿಡಿಸಿದರೆ ಮಡಚಲು ಬರುವುದಿಲ್ಲ. ಆದರೂ ಮಡಚಿಯೇ ಕೂರುತ್ತೇನೆ. ಯಾಕೆಂದು ಕೇಳಿದವರಿಗೆಲ್ಲ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಎಲ್ಲಾ ಶುರುವಾದದ್ದು ಒಂದು ಸಿಡಿ ಪ್ಲೇಯರಿನ ಜಗಳದಿಂದ.

ನಮ್ಮ ಊರಿನಲ್ಲಿ ಸಿಡಿ ಹಾಕಿದರೆ ಅದರಲ್ಲಿ ಹಾಡಿದವರು, ನುಡಿಸಿದವರು ಮನೆಗೆ ಬರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಬಂದು ಕೂರುತ್ತಾರೆ, ಅಷ್ಟೇ. ಚಾಪೆ ತಗ್ಗುತ್ತದೆ, ಲೋಟದ ನೀರು ಇಳಿಯುತ್ತದೆ, ಅವರು ಕೂತ ಕಡೆ ನೀವು ಕೂರಲು ಹೋದರೆ ಜಾಗ ಒಪ್ಪುವುದಿಲ್ಲ. ಬದುಕಿರುವವರೂ ಬರುತ್ತಾರೆ, ಸತ್ತವರೂ ಬರುತ್ತಾರೆ, ಯಾರು ಯಾವ ಕಡೆಯವರೆಂದು ನಾವು ವಿಚಾರಿಸಲು ಹೋಗುವುದಿಲ್ಲ. ಕಛೇರಿ ಮುಗಿದ ಮೇಲೆ ಮನೆಯವರು "ಹೋಗಿ ಬನ್ನಿ" ಅನ್ನಬೇಕು, ಆಗ ಚಾಪೆ ಮೇಲೇಳುತ್ತದೆ. ಹೇಳದೆ ಎದ್ದು ಹೋಗುವ ಜನ ಅವರಲ್ಲ. ಹೀಗಾಗಿ ನಮ್ಮಲ್ಲಿ ಸಿನಿಮಾ ಹಾಡಿನ ಸಿಡಿಗಳನ್ನು ಮನೆಯಲ್ಲಿ ಯಾರೂ ಹಾಕುವುದಿಲ್ಲ, ಸಂತೆ ಮೈದಾನದಲ್ಲಿ ಹಾಕುತ್ತಾರೆ. ಬಾಡಿಗೆ ಕೋಣೆಗೆ ಹೊಸದಾಗಿ ಬಂದ ಬ್ಯಾಂಕಿನವನೊಬ್ಬ ತಿಳಿಯದೆ ಹಾಕಿಬಿಟ್ಟ. ಅರವತ್ತು ಜನ ಪಿಟೀಲಿನವರು. ಅವನು ಗೋಡೆಗೆ ಅಂಟಿಕೊಂಡು ನಿಂತಿದ್ದ, ಕಿಟಕಿಯಿಂದ ನಾವೆಲ್ಲ "ಹೋಗಿ ಬನ್ನಿ, ಹೋಗಿ ಬನ್ನಿ" ಎಂದು ಕೂಗಿ ಅವನನ್ನು ಬಿಡಿಸಿದೆವು. ಇದೆಲ್ಲ ನಗುವ ವಿಷಯ. ನಗಲಾರದ ವಿಷಯ ಒಂದೇ, ನೀರು. ಬಂದವರಿಗೆ ನೀರಿಡದ ಮನೆ ಎಂದು ಒಮ್ಮೆ ಹೆಸರು ಬಂದರೆ ಆ ಮನೆಗೆ ಗೌರಿ ಹಬ್ಬದ ಬಾಗಿನ ಕೊಡಲೂ ಯಾರೂ ಬರುವುದಿಲ್ಲ.

ನಮ್ಮ ಮನೆಯಲ್ಲಿದ್ದದ್ದು ಒಂದೇ ಸಿಡಿ. ಚೂಡಾಮಣಿಯಮ್ಮ ಎನ್ನುವ ಗಾಯಕಿಯ ಕಛೇರಿ. ಹನ್ನೆರಡು ವರ್ಷದ ಹಿಂದೆ ನನ್ನ ಹೆಂಡತಿ ಭಾಮೆ ಕುಕ್ಕರು ಕೊಂಡಾಗ ಅದರ ಜೊತೆಗೆ ಬಂದದ್ದು. ಕವರಿನ ಮೇಲೆ ಮೂರು ಹೆಸರು: ಹಾಡುಗಾರಿಕೆ ಚೂಡಾಮಣಿಯಮ್ಮ, ಪಿಟೀಲು ಗೋವಿಂದಸ್ವಾಮಿ, ಮೃದಂಗ ಪಾರ್ಥಸಾರಥಿ. ಮೊದಲ ಸಲ ಹಾಕಿದ ದಿನವೇ ನನ್ನ ಅಮ್ಮ ಇದನ್ನು ಎಷ್ಟು ಹಚ್ಚಿಕೊಂಡಳೆಂದರೆ, ಬೇರೆ ಸಿಡಿ ತರಲು ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮೂರು ಚಾಪೆ, ಮೂರು ಲೋಟ ನೀರು, ಚೂಡಾಮಣಿಯಮ್ಮ. ನಮ್ಮದು ಟಿವಿಯ ಜೊತೆ ಕೊಂಡ ಅಗ್ಗದ ಪ್ಲೇಯರು. ಅದರಲ್ಲಿ ಮೂವರೂ ನಡುವಿನ ಚಾಪೆಯ ಮೇಲೇ ಗುಡ್ಡೆ ಬೀಳುತ್ತಿದ್ದರು, ಅಕ್ಕಪಕ್ಕದ ಚಾಪೆ ಹಾಸಿದ್ದು ಹಾಸಿದ ಹಾಗೇ ಇರುತ್ತಿದ್ದವು. ಪಿಟೀಲಿನವರು ಹನ್ನೆರಡು ವರ್ಷದಿಂದ ಮೃದಂಗದವರ ತೊಡೆಯ ಮೇಲೇ ಕೂತಿದ್ದರು ಅನ್ನಿ.

ಅಮ್ಮನಿಗೆ ಎಂಬತ್ತನಾಲ್ಕು. ಕಿವಿ ಮಾತ್ರ ನನಗಿಂತ ಚುರುಕು. ಅವಳದು ಒಂದೇ ಹಟ. "ಸೇತೂ, ಇನ್ನೊಬ್ಬರು ಇದ್ದಾರೆ ಕಣೋ. ಅವರಿಗೆ ನೀರಿಟ್ಟಿಲ್ಲ ನೀವು." ಕೆಲವು ಭಾನುವಾರ ತಾನೇ ನಾಲ್ಕನೆಯ ಲೋಟ ತಂದಿಡುತ್ತಿದ್ದಳು. ನಾನು ಕವರು ತೋರಿಸಿ, ಮೂರು ಹೆಸರು ಎಣಿಸಿ, ಅವಳ ಎದುರಿಗೇ ಆ ಲೋಟ ಎತ್ತಿ ಗಟಗಟ ಕುಡಿದುಬಿಡುತ್ತಿದ್ದೆ. "ಈಗ ನಾಲ್ಕನೆಯವರಿಗೂ ಆಯ್ತಲ್ಲ" ಅನ್ನುತ್ತಿದ್ದೆ. ಅದೊಂದು ತಮಾಷೆ ಎಂದು ನನ್ನ ಎಣಿಕೆ. ಅಮ್ಮ ನಗುತ್ತಿರಲಿಲ್ಲ. ಕಛೇರಿ ಮುಗಿದ ಮೇಲೆ ಮೂರೂ ಚಾಪೆಯ ಅಂಚು ಎತ್ತಿ ಕೆಳಗೆ ಕೈಯಾಡಿಸುತ್ತಿದ್ದಳು. ಏನು ಹುಡುಕುತ್ತೀಯಮ್ಮ ಎಂದರೆ ಧೂಳು ಅನ್ನುತ್ತಿದ್ದಳು.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಸರಪಳಿ ಎಳೆದವನು. ಕಲ್ಲು ನೆಟ್ಟ ಕಡೆ ಗಡಿ, ಅಳತೆಗೆ ಸಿಕ್ಕಿದ್ದು ಮಾತ್ರ ಭೂಮಿ. ಹಾಡಿನ ಹಿಂದೆ ಗುಂಯ್ ಎಂದು ಒಂದು ಸಣ್ಣ ಸದ್ದು ಬರುತ್ತಿದ್ದದ್ದು ನಿಜ. ಅದು ಫ್ರಿಜ್ಜು ಎಂದು ನಾನು ತೀರ್ಮಾನಿಸಿದ್ದೆ. ಎರಡು ಸಲ ಮೆಕ್ಯಾನಿಕ್ಕನ್ನೂ ಕರೆಸಿದ್ದೆ. ಅವನು ಏನೋ ಬಿಚ್ಚಿ ಏನೋ ಹಾಕಿ ಹೋದ, ಗುಂಯ್ ಹೋಗಲಿಲ್ಲ.

ರೇಡಿಯೋ ಅಂಗಡಿಯ ಪಂಚಾಕ್ಷರಿಯ ಹತ್ತಿರ ಅಮ್ಮ ನೇರವಾಗಿ ಹೋಗಿ ದೂರು ಕೊಟ್ಟಳು. ಅವನು ನನ್ನನ್ನು ರಸ್ತೆಯಲ್ಲಿ ಹಿಡಿದ. "ಸೇತೂರಾಯ್ರೇ, ಪ್ಲೇಯರ್ ಬದಲಾಯ್ಸಿ. ನಿಮ್ಮನೇಲಿ ಜನ ಒಬ್ಬರ ಮೇಲೆ ಒಬ್ರು ಕೂತಿದಾರಂತೆ."

"ಸಿಡಿಯೊಳಗೆ ಇರೋದು ಬರೀ ಸೊನ್ನೆ, ಒಂದು," ಎಂದೆ. "ಸೊನ್ನೆಯನ್ನ ಅಗ್ಗದ ಮಿಷನ್ನು ಸೊನ್ನೆ ಅಂತಾನೇ ಓದುತ್ತೆ, ದುಬಾರಿದೂ ಸೊನ್ನೆ ಅಂತಾನೇ ಓದುತ್ತೆ. ಬದಲಾಯಿಸೋದಾದ್ರೆ ಸ್ಪೀಕರ್ ಬದಲಾಯಿಸಬೇಕು. ಪ್ಲೇಯರಿಂದ ಏನಾಗುತ್ತೆ?"

"ಓದೋದು ಒಂದೇ ರಾಯ್ರೇ. ಓದಿದ್ದನ್ನ ಹೇಳೋದಿದೆಯಲ್ಲ, ಅಲ್ಲಿ ವ್ಯತ್ಯಾಸ. ಒಂದೇ ಕಾಗದವನ್ನ ನೀವು ಓದಿ ಹೇಳೋದಕ್ಕೂ ನಿಮ್ಮ ತಾಯಿ ಓದಿ ಹೇಳೋದಕ್ಕೂ ಒಂದೇನಾ? ಸಿಡಿಯಲ್ಲಿ ಇರೋರೆಲ್ಲ ಬಂದೇ ಬರ್ತಾರೆ. ಕೆಟ್ಟ ಪ್ಲೇಯರಾದ್ರೆ ದೊಡ್ಡ ದನಿಯವರು ಗುಂಪಾಗಿ ಬೀಳ್ತಾರೆ, ಸಣ್ಣ ದನಿಯವರು ಗಾಳಿ ತರ ಬರ್ತಾರೆ, ಕೂತ್ರೂ ಗೊತ್ತಾಗಲ್ಲ."

"ನಿಮ್ಮ ವ್ಯಾಪಾರದ ಮಾತು ಇದು."

"ಸರಿ, ಒಂದು ಭಾನುವಾರ ಇಟ್ಕೊಂಡು ನೋಡಿ. ವ್ಯತ್ಯಾಸ ಇಲ್ಲ ಅಂದ್ರೆ ನಾನೇ ಬಂದು ಎತ್ಕೊಂಡು ಹೋಗ್ತೀನಿ," ಎಂದ. ಶನಿವಾರವೇ ತಂದು ಜೋಡಿಸಿಯೂ ಹೋದ. ಕಪ್ಪಗೆ, ಭಾರವಾಗಿ, ಒಂದೇ ಒಂದು ಗುಂಡಿಯ ಪೆಟ್ಟಿಗೆ.

ನಾನೂ ಬಿಡುವವನಲ್ಲ. ಅವನ ಬಾಯಿ ಮುಚ್ಚಿಸಲು ಟೇಪು, ಸೀಮೆಸುಣ್ಣ, ಹಳೆಯ ಫೀಲ್ಡ್ ಬುಕ್ಕು ತೆಗೆದೆ. ಫ್ರಿಜ್ಜಿನ ಸ್ವಿಚ್ಚು ಆರಿಸಿದೆ, ಫ್ಯಾನೂ ಆರಿಸಿದೆ. "ಹಾಲು ಒಡೆದರೆ ನೀವೇ ತರಬೇಕು," ಎಂದಳು ಭಾಮೆ. ಮೊದಲು ಹಳೆಯ ಪ್ಲೇಯರಿನಲ್ಲಿ ಒಂದು ಹಾಡು ಪೂರ್ತಿ ಹಾಕಿ, ತಗ್ಗುಗಳ ಸುತ್ತ ಗೆರೆ ಎಳೆದು ಅಳೆದೆ. ಹಾಡುವವರಿಂದ ಪಿಟೀಲಿಗೆ ಒಂಬತ್ತು ಅಂಗುಲ, ಪಿಟೀಲಿನಿಂದ ಮೃದಂಗಕ್ಕೆ ನಾಲ್ಕು. ಬರೆದುಕೊಂಡೆ. ಅವರನ್ನು ಕ್ಷಮೆ ಕೇಳಿ ಕಳಿಸಿ, ಹೊಸ ಪೆಟ್ಟಿಗೆಗೆ ಸಿಡಿ ಹಾಕಿದೆ.

ಬೆಳಿಗ್ಗೆ ಹತ್ತು ಗಂಟೆ, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಎಲ್ಲ ಕಣ್ಣಿಗೆ ಕಾಣುತ್ತಿತ್ತು. ನಡುವಿನ ಚಾಪೆ ತಗ್ಗಿತು. ಆಮೇಲೆ ಎಡಗಡೆಯದು. ಆಮೇಲೆ ಬಲಗಡೆಯದು. ಹನ್ನೆರಡು ವರ್ಷ ಉಬ್ಬಿಕೊಂಡೇ ಇದ್ದ ಚಾಪೆಗಳು ಒಂದೊಂದಾಗಿ ಮೆತ್ತಗೆ ಒತ್ತಿಹೋದವು. ಭಾಮೆ ಬಾಯಿಗೆ ಸೆರಗು ಹಿಡಿದಳು. ಪಿಟೀಲಿನವರ ಲೋಟದ ನೀರು ಅರ್ಧಕ್ಕೆ ಇಳಿಯಿತು. ಪಾಪ, ಎಷ್ಟು ವರ್ಷದ ದಾಹವೋ. ನನಗೆ ಸೋತ ಸಿಟ್ಟು ಬಂತು. ಟೇಪು ಹಿಡಿದೆ: ಮೂರೂವರೆ ಅಡಿ, ನಾಲ್ಕಡಿ. ಟೇಪು ನನ್ನ ಪರ ವಾದ ಮಾಡಲಿಲ್ಲ. ಫೀಲ್ಡ್ ಬುಕ್ಕು ಮುಚ್ಚಿ, ಮುಖ ಊದಿಸಿಕೊಂಡು, ಯಾವಾಗಲೂ ಕೂರುವ ಜಾಗಕ್ಕೆ ಹೋದೆ. ಹಾಡುವವರ ಚಾಪೆಯ ಹಿಂದೆ, ಗೋಡೆಗೆ ಒರಗಿ, ಪೇಪರು ಬಿಡಿಸಿ, ಕಾಲು ಚಾಚುವ ಜಾಗ. ಹನ್ನೆರಡು ವರ್ಷದಿಂದ ಭಾನುವಾರದ ನನ್ನ ಜಾಗ ಅದೇ.

ಕಾಲು ಚಾಚಿದೆ. ಪಾದಕ್ಕೆ ಏನೋ ತಾಗಿತು.

ಬರಿ ನೆಲ. ಅಲ್ಲಿ ಏನೂ ಇರಲಿಲ್ಲ. ಆದರೆ ತಾಗಿದ್ದು ಒಂದು ಮೊಣಕಾಲು. ಮೊಣಕಾಲು ತಾಗಿದರೆ ಗೊತ್ತಾಗುವುದಿಲ್ಲವೇ? ನನ್ನ ಕಾಲು ತಾಗಿದ್ದಕ್ಕೆ ಅದು ಸ್ವಲ್ಪ ಹಿಂದಕ್ಕೆ ಸರಿದುಕೊಂಡಿತು ಕೂಡ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ತಲೆ ಓಡುವ ಮೊದಲೇ ಕೈ ಓಡಿತು. ಬಗ್ಗಿ ಆ ಗಾಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೆರಳಿಗೆ ಬೆಚ್ಚಗಿತ್ತು. ಆಗ ಕಿವಿಗೆ ಬಿತ್ತು, ಗುಂಯ್. ಹಿಂದೆಂದೂ ಇಲ್ಲದಷ್ಟು ತುಂಬಿ, ಮನೆಯ ಮೂಲೆ ಮೂಲೆಗೂ. ಫ್ರಿಜ್ಜು ಆರಿಸಿದ್ದೇನೆಂದು ನೆನಪಾಯಿತು. ಅದು ತಂಬೂರಿ. ಕವರಿನ ಮೇಲೆ ತಂಬೂರಿಯವರ ಹೆಸರು ಹಾಕುವ ಪದ್ಧತಿ ಇಲ್ಲ ಎನ್ನುವುದು ಮೂರು ಹೆಸರು ಎಣಿಸಿ ಎಣಿಸಿ ಜಯಿಸಿದ ಈ ಸರ್ವೆಯವನಿಗೆ ಹೊಳೆದೇ ಇರಲಿಲ್ಲ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣಿಗೊತ್ತಿಕೊಂಡದ್ದನ್ನು ಅವಳು ಕಂಡಿದ್ದಳು. "ಯಾರಿಗೋ ಕಾಲು ತಾಗ್ಸಿದೆ?" ಎಂದಳು. ಅವಳು ಗೋಡೆ ಹಿಡಿದು ಎದ್ದು, ಒಳಗಿನಿಂದ ನಾಲ್ಕನೆಯ ಚಾಪೆ ತಂದಳು. ಭಾಮೆ ಸಹಾಯಕ್ಕೆ ಹೋದರೆ ಬೇಡವೆಂದು ಕೈ ಮಾಡಿದಳು. ಹಾಡುವವರ ಹಿಂದೆ ಹಾಸಿ, ಪಕ್ಕದಲ್ಲಿ ಲೋಟ ತುಂಬ ನೀರಿಟ್ಟು, "ಬಾ" ಎಂದಳು. ಬನ್ನಿ ಅನ್ನಲಿಲ್ಲ.

ಚಾಪೆ ತಗ್ಗಿತು. ನೀರು ಇಳಿಯಿತು, ಒಂದೇ ಉಸಿರಿಗೆ, ತಳ ಕಾಣುವವರೆಗೆ. ಆಮೇಲೆ ಲೋಟ ತಾನಾಗಿ ನೆಲದ ಮೇಲೆ ಜಾರಿತು. ಮೆಲ್ಲಗೆ ಜಾರಿ ಜಾರಿ ಚಾಪೆಯ ಅಂಚಿನ ಕೆಳಗೆ ಹೋಗಿ ನಿಂತಿತು. ಚಾಪೆಯ ಆ ಮೂಲೆ ಸಣ್ಣಗೆ ಉಬ್ಬಿಕೊಂಡಿತು.

ನೀರು ಕುಡಿದು ಲೋಟವನ್ನು ಚಾಪೆಯ ಕೆಳಗೆ ತಳ್ಳುವವಳು ಈ ಭೂಮಿಯ ಮೇಲೆ ಒಬ್ಬಳೇ. ನನ್ನ ತಂಗಿ ಮಂದಾಕಿನಿ. ಲೋಟ ಉರುಳಿ ತಂಬೂರಿ ನೆನೆದೀತು ಎಂದು ಅವಳಿಗೆ ಭಯ. ಅಮ್ಮ ದಿನಾ ಬೈಯುತ್ತಿದ್ದಳು, ಗುಡಿಸುವಾಗ ಲೋಟ ಸಿಗುವುದಿಲ್ಲ, ಎಲ್ಲ ಚಾಪೆಯ ಕೆಳಗೇ ಎಂದು. ಹನ್ನೆರಡು ವರ್ಷ ಅಮ್ಮ ಚಾಪೆಯ ಕೆಳಗೆ ಕೈಯಾಡಿಸಿ ಹುಡುಕಿದ್ದು ಧೂಳನ್ನಲ್ಲ.

ಮಂದಾ ಹೋಗಿ ಮೂವತ್ತು ವರ್ಷ. ಅಪ್ಪ ತೀರಿಕೊಂಡು ಮನೆ ನನ್ನ ಕೈಗೆ ಬಂದಿತ್ತು. ಅವಳು ಹಾಡುತ್ತಿರಲಿಲ್ಲ, ಹಾಡುವ ಆಸೆಯೂ ಇರಲಿಲ್ಲ. ಹಜಾರದ ಕಿಟಕಿಯ ಕೆಳಗೆ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ತಂಬೂರಿ ಮೀಟುತ್ತಿದ್ದಳು, ಅಷ್ಟೇ. ನಾಲ್ಕು ತಂತಿ, ಅದೇ ಗುಂಯ್. ಬಿಸಿಲಿನಲ್ಲಿ ಸರಪಳಿ ಎಳೆದು ಬಂದವನಿಗೆ ಅದನ್ನು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಹಾಡೋದೂ ಇಲ್ಲ, ಏನೂ ಇಲ್ಲ. ಇನ್ನೊಬ್ಬರ ಹಿಂದೆ ಕೂತು ತಂತಿ ಮೀಟೋಕೆ ಒಂದು ಜನ್ಮಾನಾ?" ಎಂದು ಕೇಳಿದೆ. "ಯಾರಾದ್ರೂ ಹಿಂದೆ ಕೂರಬೇಕಲ್ಲ ಸೇತಣ್ಣ," ಎಂದಳು. ನಗುತ್ತಲೇ ಹೇಳಿದಳು. ಒಂದು ದಿನ ಅವಳು ಇಲ್ಲದ ಹೊತ್ತಿನಲ್ಲಿ ನನ್ನ ನಕ್ಷೆಗಳ ದೊಡ್ಡ ಬೀರುವನ್ನು ಕಿಟಕಿಯ ಕೆಳಗೆ, ಸರಿಯಾಗಿ ಅವಳ ಜಾಗದಲ್ಲಿ, ತಂದು ನಿಲ್ಲಿಸಿದೆ. ಬಂದು ನೋಡಿದಳು. "ನಾನು ಎಲ್ಲಿ ಕೂರಲಿ?" ಎಂದಳು. "ಈ ಮನೇಲಿ ಜಾಗ ಇಲ್ಲ," ಎಂದೆ. ತಂಬೂರಿ ಎತ್ತಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು. "ಹೋಗು," ಎಂದೆ. ನಮ್ಮಲ್ಲಿ ಯಾರಿಗೂ ಹಾಗೆ ಹೇಳುವುದಿಲ್ಲ. ಸಿಡಿಯಿಂದ ಬಂದ ಗೊತ್ತಿಲ್ಲದ ಜನಕ್ಕೂ ಹೋಗಿ ಬನ್ನಿ ಅನ್ನುತ್ತೇವೆ. ನನ್ನ ಒಡಹುಟ್ಟಿದವಳಿಗೆ ನಾನು ಬರೀ ಹೋಗು ಎಂದಿದ್ದೆ. ಮೂರು ತಾಲ್ಲೂಕಿನ ಗಡಿ ಅಳೆದವನು ಅವಳನ್ನು ಹುಡುಕಿಕೊಂಡು ಊರ ಗಡಿಯವರೆಗೂ ನಡೆಯಲಿಲ್ಲ. ಅಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ, ಆ ಹೆಸರನ್ನೂ ಮತ್ತೆ ಎತ್ತಲಿಲ್ಲ.

ಚೂಡಾಮಣಿಯಮ್ಮ ಹಾಡುತ್ತಲೇ ಇದ್ದರು. ಅವರ ಒಂದು ಸ್ವರವೂ ನನ್ನ ತಲೆಗೆ ಹೋಗಲಿಲ್ಲ. ಅವಳು ಎಲ್ಲಿಯೋ ಇನ್ನೊಬ್ಬರ ಹಿಂದೆ ಕೂತು ಬದುಕಿದಳು. ಆ ಸಿಡಿ ಸುತ್ತಿ ಬಳಸಿ ಒಂದು ಕುಕ್ಕರಿನ ಜೊತೆ ಅವಳನ್ನು ತವರಿಗೆ ಕರೆತಂದಿತು. ಹನ್ನೆರಡು ವರ್ಷ, ಭಾನುವಾರ ಭಾನುವಾರ ಅವಳು ಬಂದಳು. ಚಾಪೆ ಇಲ್ಲ. ನೀರು ಇಲ್ಲ, ಇಟ್ಟ ನೀರನ್ನೂ ನಾನು ಕುಡಿದೆ. ಬರಿ ನೆಲದ ಮೇಲೆ ಕೂತವಳ ಮಡಿಲಿಗೆ ನಾನು ಕಾಲು ಚಾಚಿಕೊಂಡು ಪೇಪರು ಓದಿದೆ. ಗಾಳಿಯಷ್ಟು ತೆಳ್ಳಗೆ ಬರುತ್ತಿದ್ದಳೆಂದು ನನಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗಿತ್ತಲ್ಲ. ಸಾಯುವಷ್ಟು ನಾಚಿಕೆ ಎನ್ನುತ್ತಾರಲ್ಲ, ಅದು ಬರಿ ಮಾತಲ್ಲ.

ಮಂಗಳ ಮುಗಿಯಿತು. ಪೆಟ್ಟಿಗೆಯ ದೀಪ ಆರಿತು. ಅಮ್ಮ ಕೈಮುಗಿದು, "ಚೂಡಾಮಣಿಯಮ್ಮ ಹೋಗಿ ಬನ್ನಿ, ಗೋವಿಂದಸ್ವಾಮಿಗಳೇ ಹೋಗಿ ಬನ್ನಿ, ಪಾರ್ಥಸಾರಥಿಗಳೇ ಹೋಗಿ ಬನ್ನಿ," ಎಂದಳು. ಮೂರು ಚಾಪೆ ಮೇಲೆದ್ದವು. ಅಲ್ಲಿಗೆ ಅವಳು ಕೈ ಇಳಿಸಿದಳು. ನಾಲ್ಕನೆಯ ಚಾಪೆ ತಗ್ಗಿಯೇ ಇತ್ತು. ಸಿಡಿ ನಿಂತ ಮೇಲೂ ಬಂದವರು ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅರೆಗಳಿಗೆ, ಹೇಳಿ ಕಳಿಸುವವರೆಗೆ. ಆದರೆ ಕಳಿಸದೆ ಇದ್ದವರನ್ನು ನೋಡಿಲ್ಲ.

"ಅಮ್ಮ," ಎಂದೆ.

"ನಾನು ಹೇಳಲ್ಲ," ಎಂದಳು. "ಅವತ್ತೂ ನಾನು ಹೇಳಿರಲಿಲ್ಲ. ಹೇಳಿದೋನು ನೀನು. ಇವತ್ತೂ ನೀನೇ ಹೇಳು."

ಹೋಗಿ ಬಾ ಅನ್ನಲು ಬಾಯಿ ತೆರೆದೆ. ಮೂವತ್ತು ವರ್ಷ ತಡವಾಗಿ ಒಂದು ಬಾ ಸೇರಿಸಿ ಕಳಿಸಿಬಿಡುವುದೇ? ಎದ್ದೆ. ಮಂಡಿ ಕಟಕಟ ಎಂದಿತು. ಕಿಟಕಿಯ ಕೆಳಗಿನ ಬೀರುವಿಗೆ ಹೆಗಲು ಕೊಟ್ಟೆ. ಮೂರು ತಾಲ್ಲೂಕಿನ ನಕ್ಷೆ ಒಳಗಿದ್ದವು, ಬೀರು ಅಲುಗಲಿಲ್ಲ. "ರೀ, ಸೊಂಟ ಹಿಡ್ಕೊಳ್ಳತ್ತೆ," ಎನ್ನುತ್ತಲೇ ಭಾಮೆ ಬಂದು ಇನ್ನೊಂದು ಕಡೆಯಿಂದ ತಳ್ಳಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಮಂದಾ ಇರಲಿಲ್ಲ, ಅವಳ ಒಂದು ಫೋಟೋ ಕೂಡ ಇರಲಿಲ್ಲ. ಬೀರು ಕೊಯ್ಯೆಂದು ಸರಿಯಿತು. ಅದರ ಕೆಳಗೆ ಮೂವತ್ತು ವರ್ಷದ ಧೂಳು, ಹತ್ತಿಯಷ್ಟು ದಪ್ಪ, ಬಿಸಿಲು ಬಿದ್ದು ಬೂದು ಬಣ್ಣಕ್ಕೆ ಕಂಡಿತು. ಗುಡಿಸಬೇಕೆಂದೂ ತೋಚಲಿಲ್ಲ.

"ಮಂದಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇಲ್ಲಿ ಕೂತ್ಕೋ."

ನಾಲ್ಕನೆಯ ಚಾಪೆ ನಿಧಾನವಾಗಿ ಮೇಲೆದ್ದಿತು. ಅಂಚಿನ ಕೆಳಗೆ ಲೋಟ ಮಾತ್ರ ಉಳಿಯಿತು. ಹೊರಟುಹೋದಳು ಎಂದುಕೊಂಡೆ, ಹೋಗಲಿ, ನನ್ನಂಥವನ ಮನೆಯಲ್ಲಿ ಯಾಕೆ ಕೂತಾಳು ಎಂದುಕೊಂಡೆ. ಅಮ್ಮನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಕಿಟಕಿಯ ಕೆಳಗಿನ ಧೂಳು ಒತ್ತಿಹೋಯಿತು. ಮೊದಲು ಎರಡು ಹೆಜ್ಜೆ, ಅಕ್ಕಪಕ್ಕ. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಅಗಲಕ್ಕೆ ಒಂದು ತಗ್ಗು. ಅದರ ಮುಂದೆ, ತಂಬೂರಿಯ ಬುರುಡೆ ಊರುವ ಕಡೆ, ದುಂಡಗೆ ಇನ್ನೊಂದು.

"ಭಾಮಾ, ನೀರು ತಾ," ಎಂದಳು ಅಮ್ಮ, ದಿನವೂ ಹೇಳುವ ಹಾಗೆ. ಹೇಳಿದವಳು ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಮುಖ ತಿರುಗಿಸಿದಳು.

ಪೆಟ್ಟಿಗೆ ಆರಿತ್ತು. ಫ್ರಿಜ್ಜು ಆರಿತ್ತು. ಗುಂಯ್ ಶುರುವಾಯಿತು. ನಾನು ನೆಲದ ಮೇಲೆ, ಕಾಲು ಮಡಚಿಕೊಂಡು ಕೂತೆ.

ಎಷ್ಟು ಹೊತ್ತಾಯಿತೋ. ಬಾಗಿಲ ಹತ್ತಿರ ಪಂಚಾಕ್ಷರಿ ಬಂದು ಕೆಮ್ಮಿದ. ಕಂಕುಳಲ್ಲಿ ಖಾಲಿ ರಟ್ಟಿನ ಡಬ್ಬ, ವ್ಯತ್ಯಾಸ ಇಲ್ಲವೆಂದರೆ ಪ್ಲೇಯರು ಒಯ್ಯುವುದಕ್ಕೆ.

"ಹೇಗೆ ರಾಯ್ರೇ," ಎಂದ. "ಏನಾದ್ರೂ ವ್ಯತ್ಯಾಸ ಕಾಣ್ತಾ?"

"ಚಪ್ಪಲಿ ಬಿಟ್ಟು ಒಳಗೆ ಬನ್ನಿ," ಎಂದೆ. "ನೋಡ್ಕೊಂಡು ಕೂತ್ಕೊಳ್ಳಿ. ಮನೇಲಿ ಜನ ಇದ್ದಾರೆ."